ಒಂದು ಕಾವಲಿ, ನಾಲ್ಕು ಕೈ

ಮಾನ್ಯ ಸಂಪಾದಕರೇ,

ನಮ್ಮ ತುಮಕೂರಿನಲ್ಲಿ ಈಗ ಸಂಜೆ ಆರು ಗಂಟೆ ಆದರೆ ಸಾಕು, ಯಾವ ರಸ್ತೆಗೆ ಹೋದರೂ ಒಂದು ತಿಂಡಿ ಗಾಡಿ ಕಾಣುತ್ತದೆ. ಮೊದಲು ತಳ್ಳುಗಾಡಿ ಜಾಸ್ತಿ ಇತ್ತು. ಈಗ ಟಾಟಾ ಏಸ್, ಓಮ್ನಿ ಎಲ್ಲಾ ಫುಡ್ ಟ್ರಕ್ ಆಗಿವೆ. ಬಿ.ಎಚ್. ರಸ್ತೆಯ ಅಕ್ಕಪಕ್ಕ, ಅಮಾನಿಕೆರೆ ಕಡೆ, ಎಸ್.ಎಸ್. ಪುರಂ, ಶಿರಾ ಗೇಟ್, ಬಟವಾಡಿ, ಎಲ್ಲಿ ನೋಡಿದರೂ ಒಂದು ಗಾಡಿ, ಅದರ ಮುಂದೆ ಹತ್ತು ಜನ. ಈ ಗಾಡಿಗಳ ರುಚಿ, ಶುಚಿ ಬಗ್ಗೆ ಪತ್ರಿಕೆಗಳಿಗೆ ಬಹಳ ಜನ ಬರೆಯುತ್ತಾರೆ, ಬರೆಯಬೇಕು ಕೂಡ. ಆದರೆ ಗಾಡಿ ಮುಂದೆ ನಿಂತು ತಿನ್ನುವ ನಮ್ಮ ನಡತೆ ಬಗ್ಗೆ ಯಾರೂ ಬರೆದಿದ್ದು ನಾನು ನೋಡಿಲ್ಲ. ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸಬೇಡಿ.

ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಕ್ಕ, ಭಾವ ಇಬ್ಬರೂ ಸೇರಿ ಒಂದು ಟಾಟಾ ಏಸ್ ಗಾಡಿಯಲ್ಲಿ ದೋಸೆ, ಪಡ್ಡು, ತಟ್ಟೆ ಇಡ್ಲಿ, ರೈಸ್ ಬಾತ್ ಮಾಡುತ್ತಾರೆ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಅಂತ ಪಿಎಂ ಸ್ವನಿಧಿ ಸಾಲ ಶುರುವಾಯಿತಲ್ಲ, ಅದರಲ್ಲಿ ಆಗ ಮೊದಲ ಸಲ ಕೊಡುತ್ತಿದ್ದ 10,000 ರೂಪಾಯಿ ತಗೊಂಡು ತಳ್ಳುಗಾಡಿ ಮಾಡಿದ್ದರು. ಅದನ್ನು ತೀರಿಸಿ, ಚೀಟಿ ಹಾಕಿ, ಅಕ್ಕನ ಬಳೆ ಅಡ ಇಟ್ಟು ಈ ಗಾಡಿ ತಗೊಂಡರು. ಭಾವ ಬೈಕ್‌ನಿಂದ ಬಿದ್ದು ಕೈ ಮುರಿದುಕೊಂಡಾಗ ಸುಮಾರು ಎರಡು ತಿಂಗಳು ಡ್ಯೂಟಿ ಮುಗಿಸಿ ನಾನೇ ಗಾಡಿಗೆ ಹೋಗುತ್ತಿದ್ದೆ. ಅದಕ್ಕೆ ಮುಂಚೆ ನಾನೂ ಗಾಡಿ ಹೊರಗೆ ನಿಂತು ತಿನ್ನುವವನೇ. ಒಳಗೆ ನಿಂತು ಹೊರಗೆ ನೋಡಿದ ಮೇಲೆ ಕಣ್ಣಿಗೆ ಬೇರೆಯೇ ಕಂಡಿತು. ನಾನು ಇಷ್ಟು ವರ್ಷ ಏನೇನು ಮಾಡುತ್ತಿದ್ದೆ ಅಂತಲೂ ಗೊತ್ತಾಯಿತು.

ಮೊದಲು ಒಳಗೆ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಏಸ್ ಗಾಡಿಯ ಹಿಂದಿನ ಜಾಗ ಏಳಡಿ ಉದ್ದ, ಅಗಲ ಐದಡಿಗೂ ಸ್ವಲ್ಪ ಕಡಿಮೆ. ಅದರಲ್ಲೇ ಕಾವಲಿ, ಇಡ್ಲಿ ಸ್ಟೀಮರ್, ಪಡ್ಡಿನ ಕಲ್ಲು, 19 ಕೆಜಿ ಸಿಲಿಂಡರ್, 20 ಲೀಟರಿನ ನಾಲ್ಕು ನೀರಿನ ಕ್ಯಾನ್, ಹಿಟ್ಟಿನ ಎರಡು ಕೊಳಗ, ಚಟ್ನಿ ಬಕೆಟ್, ಸಾಂಬಾರ್ ಬಕೆಟ್. ಉಳಿದ ಜಾಗದಲ್ಲಿ ಇಬ್ಬರು ನಿಲ್ಲಬೇಕು. ಒಬ್ಬರು ತಿರುಗಿದರೆ ಇನ್ನೊಬ್ಬರು ಸರಿಯಬೇಕು. ಏಪ್ರಿಲ್ ತಿಂಗಳಲ್ಲಿ ಕಾವಲಿ ಮುಂದೆ ನಿಂತರೆ ಬೆವರು ಹಣೆಯಿಂದ ಇಳಿದು ಕಣ್ಣಿಗೆ ಹೋಗುತ್ತದೆ, ಒರೆಸಿಕೊಳ್ಳೋಣ ಅಂದರೆ ಕೈಯಲ್ಲಿ ಹಿಟ್ಟು. ಅಕ್ಕ ಮೊಣಕೈಯಿಂದ ಒರೆಸಿಕೊಳ್ಳುತ್ತಾಳೆ.

ಕಾವಲಿ ಮೇಲೆ ಒಂದು ಸಲಕ್ಕೆ ನಾಲ್ಕು ದೋಸೆ ಆಗುತ್ತದೆ. ಹುಯ್ದು, ಬೆಂದು, ಬೆಣ್ಣೆ ಹಾಕಿ, ಮಡಚಿ ಎತ್ತಲು ಮೂರು ನಾಲ್ಕು ನಿಮಿಷ. ಜನ ಜೋರಾಗಿ ಬರುವುದು ಆರೂವರೆಯಿಂದ ಒಂಬತ್ತರವರೆಗೆ. ಅಂದರೆ ಎರಡೂವರೆ ಗಂಟೆ. ಬೆಳಿಗ್ಗೆ ಎದ್ದು ಅಂತರಸನಹಳ್ಳಿ ಮಾರ್ಕೆಟ್‌ಗೆ ಹೋಗಿ ತರಕಾರಿ ತಂದಿದ್ದು, ಅಕ್ಕಿ ಉದ್ದು ನೆನೆಸಿದ್ದು, ರುಬ್ಬಿದ್ದು, ಹುದುಗಿಗೆ ಇಟ್ಟಿದ್ದು, ನೀರು ಹೊತ್ತಿದ್ದು, ಮಧ್ಯಾಹ್ನ ಬಿಸಿಲಿನಲ್ಲಿ ತೆಂಗಿನಕಾಯಿ ತುರಿದಿದ್ದು, ಇಷ್ಟೂ ಕೆಲಸದ ದುಡ್ಡು ಹುಟ್ಟುವುದು ಆ ಎರಡೂವರೆ ಗಂಟೆಯಲ್ಲೇ. ಒಂದು ಕಾವಲಿ, ನಾಲ್ಕು ಕೈ, ಎರಡೂವರೆ ಗಂಟೆ. ನಾನು ಹೇಳಬೇಕಾಗಿರುವ ಮಾತೆಲ್ಲಾ ಇಲ್ಲಿಂದಲೇ ಹುಟ್ಟಿದ್ದು. ಗಾಡಿ ಮುಂದೆ ನಾವು ಸುಮ್ನೆ ಕಳೆಯುವ ಒಂದೊಂದು ನಿಮಿಷವೂ ಅವರ ಗಂಟಿನಿಂದ ಹೋಗುತ್ತದೆ, ಹಿಂದೆ ನಿಂತವರ ಹೊಟ್ಟೆಯಿಂದ ಹೋಗುತ್ತದೆ.

ಒಂದು ಸಂಜೆ ಮರೆಯಲು ಆಗಿಲ್ಲ. ಎಂಟು ಗಂಟೆ ಸುಮಾರು. ನಮ್ಮೂರಿನಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವರು ಎಷ್ಟು ಜನ ಇದ್ದಾರೆ ನಿಮಗೆ ಗೊತ್ತೇ ಇದೆ. ಹಾಗೆ ರೈಲು ಇಳಿದು ಬಂದ ಒಬ್ಬರು ಹೆಂಗಸು, ಹೆಗಲಲ್ಲಿ ಬ್ಯಾಗ್, ಕೈಯಲ್ಲಿ ಖಾಲಿ ಟಿಫನ್ ಡಬ್ಬಿ, ಗಾಡಿಯ ಪಕ್ಕ ಬಂದು ನಿಂತರು. ಅವರ ಮುಂದೆ ಒಬ್ಬ ಹುಡುಗ ಕಿವಿಯಲ್ಲಿ ಫೋನು ಇಟ್ಟುಕೊಂಡೇ "ಒಂದು ಬೆಣ್ಣೆ ದೋಸೆ" ಅಂದ. ಅಕ್ಕ ಹುಯ್ದಳು. ಫೋನಿನಲ್ಲಿ ಮಾತಾಡುತ್ತಲೇ ಕೈ ಆಡಿಸಿದ, "ಬೇಡ ಬೇಡ, ಖಾಲಿ ದೋಸೆ ಮಾಡಿ". ಅಷ್ಟರಲ್ಲಿ ಬೆಣ್ಣೆ ಬಿದ್ದಾಗಿತ್ತು. ಸರಿ, ಇನ್ನೊಂದು ಹುಯ್ದಳು. ಆಮೇಲೆ ಫೋನಿನಲ್ಲಿ ಯಾರೋ ಏನೋ ಹೇಳಿದರು ಅಂತ ಕಾಣುತ್ತದೆ, "ಅಕ್ಕ, ನಾಲ್ಕು ಪಾರ್ಸಲ್ ಮಾಡಿಬಿಡಿ, ಎರಡು ಪಡ್ಡು, ಅಲ್ಲ ಮೂರು ಪಡ್ಡು" ಅಂದ. ಅವನ ಲೆಕ್ಕ ಮುಗಿಯುವ ಹೊತ್ತಿಗೆ ಇಪ್ಪತ್ತು ನಿಮಿಷ. ಆ ಹೆಂಗಸು ಒಂದು ಮಾತೂ ಆಡಲಿಲ್ಲ. ಗಡಿಯಾರ ನೋಡಿದರು, ರಸ್ತೆ ಕಡೆ ನೋಡಿದರು, ಕೊನೆಗೆ "ಇರಲಿ ಬಿಡಿ ಅಕ್ಕ, ಮಗು ಕಾಯ್ತಿರುತ್ತೆ" ಅಂತ ಹೇಳಿ ಹೊರಟುಹೋದರು. ಮೊದಲು ಹುಯ್ದ ಆ ಬೆಣ್ಣೆ ದೋಸೆ ಕಾವಲಿಯ ಮೂಲೆಯಲ್ಲಿ ಮಡಚಿಟ್ಟಿದ್ದು ಹಾಗೇ ಇತ್ತು. ಆರಿಹೋಗಿ ರಬ್ಬರ್ ಥರ ಆಗಿತ್ತು. ರಾತ್ರಿ ಅದನ್ನು ಅಕ್ಕನೇ ತಿಂದಳು.

ಆ ಹುಡುಗ ಕೆಟ್ಟವನಲ್ಲ. ಪಾಪ, ದುಡ್ಡು ಸರಿಯಾಗಿ ಕೊಟ್ಟ, ಹೋಗುವಾಗ "ಚೆನ್ನಾಗಿತ್ತು ಅಕ್ಕ" ಅಂತಲೂ ಹೇಳಿದ. ತನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನುವುದು ಮಾತ್ರ ಅವನಿಗೆ ಕಾಣಿಸಲೇ ಇಲ್ಲ. ಅದಕ್ಕೆ ನನ್ನ ಮೊದಲ ವಿನಂತಿ ಇಷ್ಟೇ. ಗಾಡಿ ಹತ್ತಿರ ಬರುವ ಮೊದಲೇ ಏನು ಬೇಕು, ಎಷ್ಟು ಬೇಕು, ಇಲ್ಲೇ ತಿನ್ನುವುದೋ ಪಾರ್ಸಲ್ಲೋ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಳ್ಳಿ. ಬೋರ್ಡ್ ದೊಡ್ಡದಾಗಿಯೇ ಇರುತ್ತದೆ, ದೂರದಿಂದಲೇ ಓದಬಹುದು. ಫೋನ್ ಬಂದರೆ ಮಾತು ಮುಗಿಸಿ ಆಮೇಲೆ ಬನ್ನಿ. ಬೆಣ್ಣೆ ಬೇಡ, ಈರುಳ್ಳಿ ಬೇಡ, ಖಾರ ಕಡಿಮೆ ಅನ್ನುವುದಾದರೆ ಹಿಟ್ಟು ಕಾವಲಿ ಮುಟ್ಟುವ ಮೊದಲೇ ಹೇಳಿ. ಹತ್ತು ಪ್ಲೇಟ್ ಪಾರ್ಸಲ್ ಬೇಕಿದ್ದರೆ ಮಧ್ಯಾಹ್ನವೇ ಒಂದು ಫೋನ್ ಮಾಡಿ. ಎಲ್ಲಾ ಗಾಡಿ ಮೇಲೂ ನಂಬರ್ ಬರೆದಿರುತ್ತಾರೆ. ಅದು ಆಗದಿದ್ದರೆ, "ಒಂದೆರಡು ದೋಸೆ ಮಧ್ಯೆ ಅವರಿಗೂ ಹಾಕಿಕೊಡಿ, ನಾನು ಕಾಯ್ತೀನಿ" ಅಂತ ಒಂದು ಮಾತು ಹೇಳಿ. ಹಾಗೆ ಹೇಳಿದವರನ್ನು ಎರಡು ತಿಂಗಳಲ್ಲಿ ಇಬ್ಬರನ್ನು ಕಂಡೆ. ಇಬ್ಬರ ಮುಖವೂ ನೆನಪಿದೆ.

ಇನ್ನು ಸಾಲಿನ ವಿಷಯ. ಗಾಡಿ ಮುಂದೆ ಸಾಲು ಅನ್ನುವುದೇ ಇರುವುದಿಲ್ಲ. ಎಡಗಡೆಯಿಂದ ಒಂದು ಕೈ, ಬಲಗಡೆಯಿಂದ ಒಂದು ಕೈ, ಹಿಂದಿನಿಂದ ಯಾರದೋ ಭುಜದ ಮೇಲೆ ಒಂದು ಕೈ, ಎಲ್ಲದರಲ್ಲೂ ನೂರರ ನೋಟು. ಯಾರ ಕೈ ಉದ್ದವೋ ಅವರಿಗೆ ಮೊದಲು. ಹೆಂಗಸರು, ಮಕ್ಕಳು, ವಯಸ್ಸಾದವರು ಪಕ್ಕದಲ್ಲಿ ನಿಂತುಬಿಡುತ್ತಾರೆ, ಜಗ್ಗಾಡಲು ಅವರಿಗೆ ಮನಸ್ಸಾಗುವುದಿಲ್ಲ. ನಮಗೆ ಕಾಯುವುದು ಗೊತ್ತಿಲ್ಲ ಅಂತ ನಾನು ಒಪ್ಪುವುದಿಲ್ಲ. ಸಿದ್ಧಗಂಗೆ ಮಠಕ್ಕೆ ಹೋದಾಗ ಇದೇ ಜನ ಪಂಕ್ತಿಯಲ್ಲಿ ಸುಮ್ಮನೆ ಕೂರುತ್ತೇವೆ. ಶಿವರಾತ್ರಿ ಜಾತ್ರೆಯ ನೂಕುನುಗ್ಗಲಿನಲ್ಲೂ ಬಡಿಸುವವರು ನಮ್ಮ ಎಲೆ ಹತ್ತಿರ ಬರುವ ತನಕ ಕಾಯುತ್ತೇವೆ. ಅಲ್ಲಿ ಬರುವ ತಾಳ್ಮೆ ಬೀದಿಯಲ್ಲಿ ಯಾಕೆ ಬರುವುದಿಲ್ಲ? ಇಲ್ಲಿ ದುಡ್ಡು ಕೊಡುತ್ತೇವೆ ಅಂತಲಾ? ದುಡ್ಡು ಎಲ್ಲರೂ ಕೊಡುತ್ತಾರೆ ಅಲ್ವಾ.

ಬೈಕಿನವರಿಗೆ ಒಂದು ಮಾತು. ಬೈಕನ್ನು ಗಾಡಿಯ ಕಿಟಕಿಗೇ ತಂದು ನಿಲ್ಲಿಸಿ, ಇಂಜಿನ್ ಆಫ್ ಮಾಡದೆ, ಕೂತಲ್ಲೇ ಆರ್ಡರ್ ಮಾಡುವವರು ಬಹಳ. ಸೈಲೆನ್ಸರ್ ಎಲ್ಲಿಗೆ ತಿರುಗಿರುತ್ತದೆ ಅಂತ ಒಮ್ಮೆ ನೋಡಿ. ನಮ್ಮ ಗಾಡಿಯಲ್ಲಿ ಚಟ್ನಿ ಬಕೆಟ್ ಇಡುವ ಜಾಗಕ್ಕೆ ಸರಿಯಾಗಿ ಹೊಗೆ ಬರುತ್ತಿತ್ತು. ಅಕ್ಕ ಮುಚ್ಚಳ ತೆಗೆಯುವುದು, ಮುಚ್ಚುವುದು, ತೆಗೆಯುವುದು, ಮುಚ್ಚುವುದು. ಹತ್ತು ಹೆಜ್ಜೆ ಆಚೆ ನಿಲ್ಲಿಸಿ ನಡೆದು ಬಂದರೆ ಏನು ಹೋಗುತ್ತದೆ? ಕಾರನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಹಾರನ್ ಹೊಡೆದು ಕರೆಯುವವರೂ ಇದ್ದಾರೆ. ರಸ್ತೆ ಕಟ್ಟಿಕೊಂಡರೆ ಪೊಲೀಸರು ಬಂದು ಬೈಯುವುದು ಕಾರಿನವರನ್ನಲ್ಲ, ಗಾಡಿಯವರನ್ನು. "ನೀವಿರೋದಕ್ಕೇ ಇಷ್ಟು ಟ್ರಾಫಿಕ್ಕು, ಎತ್ತಿ" ಅಂತಾರೆ.

ಈ ಎತ್ತಿಸುವ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸ್ವಲ್ಪ ತಡವಾದರೆ ಸಾಕು, "ನಿಮಗೆ ಪರ್ಮಿಷನ್ ಇದೆಯಾ? ಪಾಲಿಕೆಗೆ ಫೋನ್ ಮಾಡ್ಲಾ?" ಅಂತ ಹೆದರಿಸುವವರು ಇದ್ದಾರೆ. ಒಬ್ಬರು ಹಾಗೆ ಹೆದರಿಸಿಯೇ ವಾರಕ್ಕೆ ಎರಡು ಸಲ ಪುಕ್ಕಟೆ ತಿಂದು ಹೋಗುತ್ತಿದ್ದರು. ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡುವುದಕ್ಕೆ ಅಂತಲೇ 2014ರಲ್ಲಿ ದೇಶಕ್ಕೆಲ್ಲಾ ಒಂದು ಕಾಯ್ದೆ ಬಂದಿದೆ. ಅದರ ಪ್ರಕಾರ ಊರಿಗೆ ಒಂದು ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಕಡಿಮೆ ಅಂದರೂ ನೂರಕ್ಕೆ 40 ಜನ ವ್ಯಾಪಾರಿಗಳೇ ಇರಬೇಕು, ಆ ವ್ಯಾಪಾರಿಗಳಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಬೀದಿಯಲ್ಲಿ ಮಾರಿ ಬದುಕುವುದು ಕಳ್ಳತನ ಅಲ್ಲ, ಅದಕ್ಕೆ ಕಾನೂನಿನ ಆಸರೆ ಇದೆ ಅನ್ನುವುದಕ್ಕೆ ಇದನ್ನು ಹೇಳಿದೆ. ನಿಜವಾಗಿ ತೊಂದರೆ ಇದ್ದರೆ ದೂರು ಕೊಡಿ, ಅದು ನಿಮ್ಮ ಹಕ್ಕು. ಒಂದು ಪ್ಲೇಟ್ ಪಡ್ಡಿಗೋಸ್ಕರ ಹೆದರಿಸಬೇಡಿ.

ಮಾತಾಡಿಸುವ ರೀತಿ ಬಗ್ಗೆ ಬರೆಯಲು ಹೊರಟರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ. "ಏಯ್", "ಶ್", ಚಿಟಿಕೆ, ಸಿಳ್ಳೆ. ಇಪ್ಪತ್ತು ವರ್ಷದ ಹುಡುಗರು ನಮ್ಮಕ್ಕನಿಗೆ "ಏ ಬೇಗ ಹಾಕು" ಅಂತಾರೆ. ಅವಳಿಗೆ ನಲವತ್ತು ದಾಟಿದೆ. ಪಿಯುಸಿ ಓದಿದ್ದಾಳೆ, ಮಗಳು ಡಿಪ್ಲೊಮಾ ಮಾಡುತ್ತಿದ್ದಾಳೆ. ಹಳ್ಳಿಯಿಂದ ಬಂದ ಅಜ್ಜ ಒಬ್ಬರು "ಒಂದ್ ಇಡ್ಲಿ ಕೊಡವ್ವ" ಅಂದರೆ ಅದು ಬೇರೆ. ಅದರಲ್ಲಿ ಪ್ರೀತಿ ಇರುತ್ತದೆ, ಅಕ್ಕನಿಗೂ ಅದು ಗೊತ್ತಾಗುತ್ತದೆ, ಚಟ್ನಿ ಒಂದು ಸೌಟು ಜಾಸ್ತಿಯೇ ಬೀಳುತ್ತದೆ. ಏಕವಚನ ಬಹುವಚನದ ಮಾತಲ್ಲ ಇದು, ದನಿಯ ಮಾತು. ದೊಡ್ಡ ಹೋಟೆಲಿನಲ್ಲಿ ಏಸಿ ಕೆಳಗೆ ಕೂತು "ಸರ್, ಸ್ವಲ್ಪ ನೀರು ಸಿಗುತ್ತಾ" ಅನ್ನುವ ಅದೇ ಬಾಯಿ, ಗಾಡಿ ಮುಂದೆ ಬಂದಾಗ ಯಾಕೆ ಹಾಗಾಗುತ್ತದೆ ಅಂತ ನನಗೆ ಅರ್ಥ ಆಗುವುದಿಲ್ಲ. ಅಕ್ಕ ಅನ್ನಿ, ಅಣ್ಣ ಅನ್ನಿ, ಕೊಡಿ ಅನ್ನಿ.

ಒಬ್ಬರು ದೋಸೆ ತಗೊಂಡು ಪಕ್ಕದಲ್ಲಿ ನಿಂತು ಸ್ನೇಹಿತರ ಜೊತೆ ಹತ್ತು ನಿಮಿಷ ಮಾತಾಡಿದರು. ಆಮೇಲೆ ಒಂದು ತುತ್ತು ತಿಂದು, "ತಣ್ಣಗಿದೆ, ಇದನ್ನ ಮನುಷ್ಯರು ತಿಂತಾರಾ" ಅಂತ ತಟ್ಟೆಯನ್ನು ಕಿಟಕಿ ಕಟ್ಟೆ ಮೇಲೆ ಎಸೆದರು. ಸಾಂಬಾರು ಸಿಡಿದು ಅಕ್ಕನ ಮುಖದ ಮೇಲೆ, ಪಕ್ಕದಲ್ಲಿ ಜೋಡಿಸಿಟ್ಟಿದ್ದ ಅಡಿಕೆ ಹಾಳೆ ತಟ್ಟೆಗಳ ಮೇಲೆ ಬಿತ್ತು. ಅಕ್ಕ ಏನೂ ಹೇಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, ಕಲೆಯಾದ ಹಾಳೆ ತಟ್ಟೆಗಳನ್ನು ಒಂದೊಂದಾಗಿ ತೆಗೆದು ಪಕ್ಕಕ್ಕೆ ಇಟ್ಟು, ಕಟ್ಟೆ ಒರೆಸಿ, ಮುಂದಿನವರಿಗೆ "ನಿಮಗೆ ಏನು ಕೊಡಲಿ ಸಾರ್" ಅಂದಳು. ಅವಳ ಕೈ ನಡುಗುತ್ತಿತ್ತು. ಸುತ್ತ ನಿಂತಿದ್ದ ಹನ್ನೆರಡು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ, ಅದು ನನಗೆ ಎಸೆದಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿತು. "ಏನ್ರೀ ಹಾಗೆ ಮಾಡ್ತೀರಾ" ಅಂತ ಒಬ್ಬರು ಅಂದಿದ್ದರೂ ಸಾಕಿತ್ತು.

ಗಾಡಿಯವರ ತಪ್ಪೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ದೋಸೆ ಸೀದಿರಬಹುದು, ಕೂದಲು ಸಿಗಬಹುದು, ಚಟ್ನಿ ಹುಳಿ ಬಂದಿರಬಹುದು. ಆಗ ಹತ್ತಿರ ಹೋಗಿ ಮೆಲ್ಲಗೆ ಹೇಳಿ. ನಾನು ಕಂಡ ಮಟ್ಟಿಗೆ ನೂರಕ್ಕೆ ತೊಂಬತ್ತು ಗಾಡಿಯವರು ಬೇರೆ ಹಾಕಿಕೊಡುತ್ತಾರೆ, ಇಲ್ಲ ದುಡ್ಡು ವಾಪಸ್ ಕೊಡುತ್ತಾರೆ. ದುಡ್ಡು ಮುಟ್ಟಿದ ಕೈಯಲ್ಲೇ ಇಡ್ಲಿ ಹಾಕಿದರೆ "ಅಣ್ಣ, ಇಕ್ಕಳದಲ್ಲಿ ಹಾಕಿ" ಅನ್ನಿ. ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಿದವರಿಗೆ 14 ಅಂಕಿಯ ಒಂದು ನಂಬರ್ ಇರುತ್ತದೆ, ಅದನ್ನು ಗಾಡಿ ಮೇಲೆ ಕಾಣುವ ಹಾಗೆ ಹಾಕಬೇಕು. ಇಲ್ಲದಿದ್ದರೆ ಯಾಕಿಲ್ಲ ಅಂತ ಕೇಳಿ. ಸಮಾಧಾನವಾಗಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಆದರೆ ನಾವೇ ತಪ್ಪು ಮಾಡಿಸಬಾರದು ಅಲ್ವಾ? ಇದು ಬಹಳ ಜನಕ್ಕೆ ಹೊಳೆಯುವುದಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧ ಮಾಡಿತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಅನ್ನುವ ಬಣ್ಣ ಸಿಕ್ಕಿತ್ತು, ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ಜೂನ್‌ನಲ್ಲಿ ಕಬಾಬಿಗೂ ಬಣ್ಣ ಹಾಕುವ ಹಾಗಿಲ್ಲ ಅಂತಾಯಿತು. ತಪ್ಪಿದರೆ ಜೈಲು, ದಂಡ ಎರಡೂ ಇದೆ. ನಮ್ಮ ಪಕ್ಕದ ಗಾಡಿಯಲ್ಲಿ ಗೋಬಿ ಮಾಡುವ ಅಣ್ಣ ಬಣ್ಣ ಬಿಟ್ಟ ದಿನದಿಂದ ಗಿರಾಕಿಗಳಿಂದ ಕೇಳಿಸಿಕೊಂಡ ಮಾತು ಒಂದೇ: "ಏನ್ ಗುರು, ಗೋಬಿ ಬೆಳ್ಳಗಿದೆ? ಸ್ವಲ್ಪ ಕೆಂಪಗೆ ಮಾಡು". ಅವನು ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕಲು ಶುರು ಮಾಡಿದ. ಅಷ್ಟು ಕೆಂಪು ಬರುವುದಿಲ್ಲ, ಖರ್ಚೂ ಜಾಸ್ತಿ. ಸ್ವಲ್ಪ ದಿನ ವ್ಯಾಪಾರ ಅರ್ಧ ಆಯಿತು. ಸರಿ ದಾರಿಯಲ್ಲಿ ಹೋಗುವ ವ್ಯಾಪಾರಿಯನ್ನು ನಾವೇ ಹಿಂದಕ್ಕೆ ಎಳೆಯುವುದು ಯಾವ ನ್ಯಾಯ?

ಪ್ಲಾಸ್ಟಿಕ್ ಕೂಡ ಹಾಗೇ. ಕುದಿಯುವ ಸಾಂಬಾರನ್ನು ತೆಳ್ಳನೆ ಕವರಿಗೆ ಹಾಕಿಕೊಡಿ ಅಂತ ಹಟ ಮಾಡುತ್ತಾರೆ. ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ ಆಗಿದ್ದು 2016ರಲ್ಲಿ. 2025ರ ಫೆಬ್ರುವರಿಯಲ್ಲಿ ಇಡ್ಲಿ ಬೇಯಿಸುವಾಗ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕುತ್ತಾರೆ ಅಂತ ಗೊತ್ತಾಗಿ ದೊಡ್ಡ ಸುದ್ದಿಯಾಯಿತು, ಸರ್ಕಾರ ಅದನ್ನೂ ನಿಲ್ಲಿಸಿತು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಂತ ರಾಜ್ಯಕ್ಕೆಲ್ಲಾ ಹೆಸರಾದ ಊರು ನಮ್ಮದು. ಇಡ್ಲಿ ವಿಷಯದಲ್ಲಿ ನಾವು ಬೇರೆಯವರಿಗಿಂತ ಒಂದು ಕೈ ಮುಂದೆಯೇ ಇರಬೇಕು. ಪಾರ್ಸಲ್ ಬೇಕಾದರೆ ಮನೆಯಿಂದ ಡಬ್ಬಿ ತನ್ನಿ. ಚಟ್ನಿಗೊಂದು, ಸಾಂಬಾರಿಗೊಂದು ಸಣ್ಣ ಡಬ್ಬಿ, ಇಡ್ಲಿಗೊಂದು ದೊಡ್ಡದು. ಡಬ್ಬಿ ತಂದವರಿಗೆ ಹಾಕಿಕೊಡಲು ಅರ್ಧ ನಿಮಿಷವೂ ಬೇಡ. ಕವರ್ ಬಿಡಿಸಿ, ಊದಿ, ಹಾಕಿ, ಗಾಳಿ ತೆಗೆದು, ರಬ್ಬರ್ ಬ್ಯಾಂಡ್ ಸುತ್ತುವುದಕ್ಕೆ ಎರಡು ನಿಮಿಷ ಹಿಡಿಯುತ್ತದೆ. ಇಲ್ಲೂ ಮತ್ತೆ ಅದೇ, ನಾಲ್ಕು ಕೈಯ ಲೆಕ್ಕ.

ಸಂಪಾದಕರೇ, ಪತ್ರಿಕೆಯವರಾದ ನಿಮಗೂ ಸೇರಿದ ಮಾತೊಂದಿದೆ. ಬಜ್ಜಿ, ಬೋಂಡ ತಗೊಂಡವರು "ಎಣ್ಣೆ ಜಾಸ್ತಿ ಇದೆ, ಪೇಪರಲ್ಲಿ ಒತ್ತಿಕೊಡಿ" ಅಂತ ಕೇಳುತ್ತಾರೆ. ಸುದ್ದಿ ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2018ರಲ್ಲೇ ನಿಯಮ ಮಾಡಿದೆ. ಮುದ್ರಣದ ಶಾಯಿಯಲ್ಲಿ ಸೀಸದಂಥ ವಸ್ತು ಇರಬಹುದು, ಬಿಸಿ ಎಣ್ಣೆಗೆ ಅದು ಬಿಟ್ಟುಕೊಂಡು ತಿಂಡಿಗೆ ಹತ್ತುತ್ತದೆ. ಓದುವುದಕ್ಕೆ ಪತ್ರಿಕೆ, ಬಜ್ಜಿಗೆ ಬಾಳೆ ಎಲೆಯೋ ಹಾಳೆ ತಟ್ಟೆಯೋ ಇದ್ದರೆ ಆಯಿತು. ನೀವೇ ಒಂದು ದಿನ ನಾಲ್ಕು ಸಾಲು ದಪ್ಪಕ್ಷರದಲ್ಲಿ ಹಾಕಿದರೆ ಜನ ನಂಬುತ್ತಾರೆ.

ತಿಂದ ಮೇಲೆ ತಟ್ಟೆ ಎಲ್ಲಿಗೆ ಹೋಗುತ್ತದೆ? ಬುಟ್ಟಿ ಎರಡು ಮಾರು ದೂರದಲ್ಲಿ ಇದ್ದರೂ ತಟ್ಟೆ ಮೋರಿ ಪಕ್ಕ ಬೀಳುತ್ತದೆ, ಲೋಟ ಇನ್ಯಾರದೋ ಬೈಕಿನ ಸೀಟಿನ ಮೇಲೆ ಕೂರುತ್ತದೆ. ರಾತ್ರಿ ನಾಯಿಗಳು ಎಳೆದಾಡುತ್ತವೆ. ಬೆಳಿಗ್ಗೆ ಪೌರಕಾರ್ಮಿಕರು ಬಗ್ಗಿ ಬಗ್ಗಿ ಆರಿಸಬೇಕು. ಬೀದಿ ವ್ಯಾಪಾರಿ ತನ್ನ ಕಸಕ್ಕೆ ತಾನೇ ಬುಟ್ಟಿ ಇಡಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲಿತ್ತು, ಅಕ್ಕ ಎರಡು ಇಟ್ಟಿದ್ದಾಳೆ. ಅಡಿಕೆ ಹಾಳೆ, ಉಳಿದ ತಿಂಡಿಗೆ ಒಂದು. ಪೇಪರ್ ಲೋಟಕ್ಕೆ ಒಂದು. ದಪ್ಪಕ್ಷರದಲ್ಲಿ ಬರೆದೂ ಇದೆ. ಆದರೂ ದಿನಾ ಗಾಡಿ ಮುಚ್ಚುವಾಗ ಸುತ್ತ ಅರವತ್ತು ಎಪ್ಪತ್ತು ತಟ್ಟೆ ಆರಿಸುತ್ತಿದ್ದೆವು. ಅಡಿಕೆ ಬೆಳೆಯುವ ಜಿಲ್ಲೆ ನಮ್ಮದು, ಹಾಳೆ ತಟ್ಟೆ ಮಣ್ಣಿಗೆ ಸೇರಿದರೆ ಗೊಬ್ಬರ ಆಗುತ್ತದೆ, ಮೋರಿಗೆ ಸೇರಿದರೆ ಮಳೆ ಬಂದ ದಿನ ರಸ್ತೆಯೇ ಕೆರೆ ಆಗುತ್ತದೆ.

ನೀರಿನ ಬಗ್ಗೆ ಹೇಳದಿದ್ದರೆ ಅಕ್ಕ ನನ್ನನ್ನು ಬಿಡುವುದಿಲ್ಲ. ಕುಡಿಯುವ ನೀರಿನ ಜಗ್ಗನ್ನು ಬಾಯಿಗೆ ಕಚ್ಚಿ ಕುಡಿಯಬೇಡಿ, ಎತ್ತಿ ಕುಡಿಯಿರಿ. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಮನೆಯಲ್ಲಿ ಹೇಳಿಕೊಡುವ ವಿಷಯ ಇದು. ಕೈ ತೊಳೆಯಲು ಬೇರೆ ಕ್ಯಾನ್ ಇರುತ್ತದೆ, ಅದರ ನಲ್ಲಿ ತಿರುಗಿಸಿದರೆ ಸಾಕು. ಕುಡಿಯುವ ನೀರನ್ನು ಸುರಿದುಕೊಂಡು ಮುಖ ತೊಳೆಯುವುದು, ಬಾಯಿ ಮುಕ್ಕಳಿಸಿ ಅಲ್ಲೇ ಉಗಿಯುವುದು, ಇನ್ನೊಬ್ಬರು ತಿನ್ನುತ್ತಿರುವಾಗ ಗುಟ್ಕಾ ಉಗುಳುವುದು ಬೇಡ. ನಾಲ್ಕು ಕ್ಯಾನ್ ನೀರು ಎಂಟು ಗಂಟೆಗೇ ಮುಗಿದರೆ ಗಾಡಿ ಬಿಟ್ಟು ಯಾರು ಹೋಗಿ ತರಬೇಕು?

ದುಡ್ಡಿನ ವಿಷಯ ಸ್ವಲ್ಪ ಸೂಕ್ಷ್ಮ. ಮೊದಲ ಗಿರಾಕಿಯೇ ನಲವತ್ತು ರೂಪಾಯಿ ದೋಸೆಗೆ ಐನೂರರ ನೋಟು ಕೊಡುತ್ತಾರೆ. ಸಂಜೆ ಐದೂವರೆಗೆ ಗಲ್ಲಾದಲ್ಲಿ ಎಲ್ಲಿಂದ ಬರಬೇಕು ಚಿಲ್ಲರೆ? ಫೋನಿನಲ್ಲಿ ದುಡ್ಡು ಹಾಕುವವರು ಸ್ಪೀಕರ್ ಕೂಗುವ ತನಕ ಒಂದು ಕ್ಷಣ ನಿಲ್ಲಿ. "ಹಾಕಿದೀನಿ" ಅಂತ ಫೋನನ್ನು ಗಾಳಿಯಲ್ಲಿ ತೋರಿಸಿ ಹೋಗಿಬಿಟ್ಟರೆ, ಕೆಲವು ಸಲ ನೆಟ್‌ವರ್ಕ್ ಇಲ್ಲದೆ ದುಡ್ಡು ಬಂದೇ ಇರುವುದಿಲ್ಲ, ಕೆಲವು ಸಲ ಅದು ನಿನ್ನೆಯ ಚಿತ್ರ. ಎರಡು ತಿಂಗಳಲ್ಲಿ ಹೀಗೆ ಹೋದ ದುಡ್ಡು ನಮ್ಮ ಲೆಕ್ಕದಲ್ಲಿ ಸಾವಿರದ ಎಂಟುನೂರು. ಇದರಲ್ಲಿ ಎಷ್ಟು ಮೋಸ, ಎಷ್ಟು ಮರೆವು ನಮಗೆ ಗೊತ್ತಾಗುವುದಿಲ್ಲ, ಹಿಂದೆ ಓಡಿ ಹೋಗಿ ಕೇಳಲೂ ಆಗುವುದಿಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಕಡೆ "ನಗದು ಮಾತ್ರ" ಅಂತ ಬೋರ್ಡ್ ಬಿತ್ತು. ಇನ್ನೂ ಕೆಲವರು ನಗದೇ ಕೇಳುತ್ತಾರೆ. ಅವರ ಹತ್ತಿರ ಜಗಳ ಬೇಡ. ಜೇಬಿನಲ್ಲಿ ನೂರು ರೂಪಾಯಿ ಚಿಲ್ಲರೆ ಇಟ್ಟುಕೊಳ್ಳುವುದು ಕಷ್ಟ ಅಲ್ಲ.

ಚೌಕಾಸಿ ಮಾಡುವವರಿಗೂ ಒಂದು ಮಾತು. ದೊಡ್ಡ ಕಾರಿನಲ್ಲಿ ಬಂದವರು ಐದು ಪ್ಲೇಟ್ ತಗೊಂಡು "ಇನ್ನೂರರಲ್ಲಿ ಇಪ್ಪತ್ತು ಬಿಡಿ" ಅಂತಾರೆ. ಅವರು ಹೋಗುವ ದೊಡ್ಡ ಹೋಟೆಲುಗಳಲ್ಲಿ ಹಾಗೆ ಕೇಳಿದ್ದಾರಾ? ಚಟ್ನಿ ಎರಡನೇ ಸಲ ಕೇಳಿ, ಅಕ್ಕ ಖುಷಿಯಾಗಿ ಹಾಕುತ್ತಾಳೆ. ಮೂರನೇ ಸಲ, ನಾಲ್ಕನೇ ಸಲ ಕೇಳಿ ತಟ್ಟೆಯಲ್ಲಿ ಅರ್ಧ ಬಿಟ್ಟು ಎಸೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 2025ರಲ್ಲಿ ತೆಂಗಿನಕಾಯಿ ಬೆಲೆ ಏರಿದಾಗ ತೆಂಗಿಗೆ ಹೆಸರಾದ ತಿಪಟೂರು ಇರುವ ನಮ್ಮ ಜಿಲ್ಲೆಯಲ್ಲೇ ಗಾಡಿಯವರು ಕಾಯಿ ಕಡಿಮೆ ಮಾಡಿ ಹುರಿಗಡಲೆ ಜಾಸ್ತಿ ಹಾಕಿದರು. ನಮ್ಮಕ್ಕ ಹಾಕಲಿಲ್ಲ. ದೋಸೆಗೆ ಐದು ರೂಪಾಯಿ ಏರಿಸಿದಳು, ಅದಕ್ಕೆ ಬೈಸಿಕೊಂಡಳು.

ಇನ್ನೊಂದು ಹೊಸ ಕಾಟ ವಿಡಿಯೊ. ಕೇಳದೆ ಫೋನಿನ ಲೈಟ್ ಮುಖಕ್ಕೆ ಹಿಡಿದು "ಆಂಟಿ, ಇಲ್ನೋಡಿ" ಅಂತಾರೆ. ಬಿಸಿ ಕಾವಲಿ ಮುಂದೆ ಕಣ್ಣಿಗೆ ಬೆಳಕು ಬಿದ್ದರೆ ಕೈ ಎಲ್ಲಿಗೆ ಹೋಗುತ್ತದೆ? ಅಕ್ಕನ ಎಡಗೈ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಕಲೆ ಇದೆ, ಅದು ಹಾಗೆ ಆಗಿದ್ದು. ವಿಡಿಯೊ ಮಾಡುವುದು ಒಳ್ಳೆಯದೇ, ನಾಲ್ಕು ಜನಕ್ಕೆ ಗಾಡಿ ಗೊತ್ತಾಗುತ್ತದೆ. ಮೊದಲು ಕೇಳಿ, ಜನ ಕಡಿಮೆ ಇರುವಾಗ ಬನ್ನಿ, ಬೇಡ ಅಂದರೆ ಬಿಟ್ಟುಬಿಡಿ. ಬೀದಿಯಲ್ಲಿ ದೋಸೆ ಹುಯ್ಯುವುದನ್ನು ಊರಿನ ನೆಂಟರು ನೋಡುವುದು ಬೇಡ ಅಂತ ಅಂದುಕೊಳ್ಳುವ ಹೆಣ್ಣುಮಕ್ಕಳೂ ಈ ಗಾಡಿಗಳಲ್ಲಿ ಇದ್ದಾರೆ. ಅದು ಅವರ ಇಷ್ಟ.

ಒಲೆ ಆರಿಸಿದ ಮೇಲೆ ಬಂದು ಶಟರ್ ತಟ್ಟುವವರಿಗೆ ಜಾಸ್ತಿ ಹೇಳುವುದಿಲ್ಲ. ಕಾವಲಿ ಒಮ್ಮೆ ಆರಿದರೆ ಮತ್ತೆ ಕಾಯಲು ಕಾಲು ಗಂಟೆ ಬೇಕು. ಹತ್ತೂವರೆಗೆ ಮನೆಗೆ ಹೋದರೂ ಪಾತ್ರೆ ತೊಳೆದು ಮಲಗುವಾಗ ಹನ್ನೆರಡು. ಹಸಿದು ಬಂದವರಿಗೆ ಇಲ್ಲ ಅನ್ನಲು ಅಕ್ಕನಿಗೂ ಮನಸ್ಸು ಬರುವುದಿಲ್ಲ, ಉಳಿದ ಎರಡು ಇಡ್ಲಿ ಇದ್ದರೆ ಕೊಟ್ಟೇ ಕಳಿಸುತ್ತಾಳೆ. "ಇಲ್ಲ" ಅಂದ ದಿನ ನಿಜಕ್ಕೂ ಏನೂ ಇರುವುದಿಲ್ಲ ಅಂತ ನಂಬಿ.

ಒಳ್ಳೆಯ ಗಿರಾಕಿಗಳ ಬಗ್ಗೆ ಬರೆಯದೆ ಮುಗಿಸಲಾರೆ. ನಿವೃತ್ತಿ ಆದ ಮೇಷ್ಟ್ರು ಒಬ್ಬರು ವಾರಕ್ಕೆ ಎರಡು ಸಲ ಬರುತ್ತಾರೆ. ಅಮಾನಿಕೆರೆಯಲ್ಲಿ ವಾಕಿಂಗ್ ಮುಗಿಸಿ, ಕೈಯಲ್ಲಿ ಮೂರು ಅಂತಸ್ತಿನ ಹಳೇ ಸ್ಟೀಲ್ ಕ್ಯಾರಿಯರ್ ಹಿಡಿದು. ಬಂದವರೇ ಕ್ಯಾರಿಯರ್ ಬಿಚ್ಚಿ, ಬಟ್ಟಲುಗಳನ್ನು ಕಟ್ಟೆ ಮೇಲೆ ಸಾಲಾಗಿ ಇಟ್ಟು, "ಎರಡು ತಟ್ಟೆ ಇಡ್ಲಿ, ಒಂದು ಪಡ್ಡು, ಅವಸರ ಇಲ್ಲ ತಾಯಿ" ಅನ್ನುತ್ತಾರೆ. ಎಂಬತ್ತು ರೂಪಾಯಿ, ಎಣಿಸಿ ತಂದಿರುತ್ತಾರೆ. ಕಾಯುವಾಗ ಪಕ್ಕದಲ್ಲಿ ಯಾರಾದರೂ ತಟ್ಟೆ ಕೆಳಗೆ ಬಿಟ್ಟಿದ್ದರೆ, ಏನೂ ಅನ್ನದೆ ಎತ್ತಿ ಬುಟ್ಟಿಗೆ ಹಾಕುತ್ತಾರೆ. ಅವರು ಎರಡು ಸಲ ಹಾಗೆ ಮಾಡಿದ್ದನ್ನು ನೋಡಿದ ಪಾಲಿಟೆಕ್ನಿಕ್ ಹುಡುಗರ ಗುಂಪು ಈಗ ತಮ್ಮ ತಟ್ಟೆ ತಾವೇ ಹಾಕುತ್ತದೆ. ಭಾವನ ಕೈ ಮುರಿದ ವಿಷಯ ತಿಳಿದಾಗ ಮೇಷ್ಟ್ರು ಕಿಟಕಿ ಹತ್ತಿರ ಬಂದು "ಡಾಕ್ಟರ್ ಏನಂದ್ರು" ಅಂತ ಕೇಳಿದರು. ಅವತ್ತು ರಾತ್ರಿ ಪಾತ್ರೆ ತೊಳೆಯುವಾಗ ಅಕ್ಕ ಆ ಮಾತನ್ನು ಮೂರು ಸಲ ಹೇಳಿದಳು.

ಮಹಾನಗರ ಪಾಲಿಕೆಯವರಲ್ಲೂ ಒಂದು ಕೋರಿಕೆ ಇದೆ. ಗಾಡಿಗಳು ಸಾಲಾಗಿ ನಿಲ್ಲುವ ಕಡೆ ಒಂದು ನಲ್ಲಿ, ಒಂದು ದೊಡ್ಡ ಕಸದ ಡಬ್ಬ, ಒಂದು ಬೀದಿ ದೀಪ ಕೊಡಿ. ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಒಂದು ಶೌಚಾಲಯ ಬೇಕೇ ಬೇಕು. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಅಕ್ಕ ನೀರು ಕುಡಿಯುವುದಿಲ್ಲ. ಯಾಕೆ ಅಂತ ನನಗೆ ಗಾಡಿಯೊಳಗೆ ನಿಂತ ಮೇಲೆಯೇ ಗೊತ್ತಾಗಿದ್ದು.

ಭಾವನ ಕೈ ಈಗ ವಾಸಿಯಾಗಿದೆ, ಪ್ಲಾಸ್ಟರ್ ಬಿಚ್ಚಿ ತಿಂಗಳಾಯಿತು, ನಾನು ಮತ್ತೆ ಹೊರಗೆ ನಿಂತು ತಿನ್ನುವವನಾಗಿದ್ದೇನೆ. ಈ ಪತ್ರವನ್ನು ಸಾಧ್ಯವಾದರೆ ಶನಿವಾರದ ಸಂಚಿಕೆಯಲ್ಲಿ ಹಾಕಿ. ಭಾನುವಾರ ಸಂಜೆ ಗಾಡಿಗಳ ಮುಂದೆ ಜನ ಜಾಸ್ತಿ ಇರುತ್ತಾರೆ.

ಇಂತಿ,
ನಿಮ್ಮ ಓದುಗ,
ಎಸ್.ಎಸ್. ಪುರಂ, ತುಮಕೂರು